ಮಾಲಿನ ಜೊತೆ ಮಾತೂ ಹೋಗಬೇಕು

ಬೋರ್ಡು, ಫೋನು, ವೆಬ್‌ಸೈಟು: ಗಿರಾಕಿಗೆ ಸುದ್ದಿ ಮುಟ್ಟಿಸಲು ಸಣ್ಣ ರೈತನಿಗೆ ಎಷ್ಟು ಬೇಕು, ಹೇಗೆ ಬೇಕು?

"ಬೆಳೆಯೋದು ಗೊತ್ತು, ಮಾರೋದು ಗೊತ್ತಿಲ್ಲ" ಅಂತ ನಮ್ಮ ಕಡೆ ರೈತರು ಹೇಳಿಕೊಳ್ಳುವುದು ಹಳೇ ಮಾತು. ಈಗ ಅದಕ್ಕೆ ಇನ್ನೊಂದು ಮಾತು ಸೇರಿದೆ. "ಒಂದು ವೆಬ್‌ಸೈಟ್ ಮಾಡಿಸಿಬಿಡಿ, ಮಾಲು ತಾನಾಗೇ ಹೋಗುತ್ತೆ" ಅಂತ ಪೇಟೆಯಿಂದ ಬಂದವರು ಹೇಳುತ್ತಾರೆ. ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿದವರೂ ಇದ್ದಾರೆ. ಯುಗಾದಿ ಹೊತ್ತಿಗೆ ಅದನ್ನು ತೆರೆದು ನೋಡಿದರೆ ಸಂಕ್ರಾಂತಿಯ ಅವರೆಕಾಯಿ ದರ ಹಾಗೇ ಕೂತಿರುತ್ತದೆ. ಅಂಥಾ ಪುಟ ನೋಡಿದ ಗಿರಾಕಿ ಇವರು ವ್ಯಾಪಾರ ಬಿಟ್ಟಿರಬೇಕು ಅಂದುಕೊಂಡು ಹೋಗುತ್ತಾನೆ.

ನಾನು ಗೌರಿಬಿದನೂರು ತಾಲೂಕಿನ ಒಣಭೂಮಿ ಬೇಸಾಯಗಾರ. ಓದಿದ್ದು ಏಳನೇ ತರಗತಿ. ನಾಲ್ಕು ಎಕರೆಯಲ್ಲಿ ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು. ಒಂದು ತುಂಡಿನಲ್ಲಿ ನವಣೆ, ಇನ್ನೊಂದರಲ್ಲಿ ಹುರುಳಿ. ಬದುವಿನ ಮೇಲೆ ಹುಣಸೆ ಮರ. 2020ರ ಲಾಕ್‌ಡೌನ್ ಕಾಲದಿಂದ ಬೆಂಗಳೂರಿನ ಮತ್ತಿಕೆರೆಯ ಸುಮಾರು ನಲವತ್ತು ಮನೆಗಳಿಗೆ ನೇರವಾಗಿ ಧಾನ್ಯ ಕೊಡುತ್ತಾ ಬಂದಿದ್ದೇನೆ. ಈ ವರ್ಷಗಳಲ್ಲಿ ಕೆಲಸಕ್ಕೆ ಬಂದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಕೇಳಿಸಿಕೊಳ್ಳುವವರು ಯಾರು?

ಮತ್ತಿಕೆರೆಗೂ ಯಶವಂತಪುರದ ಎಪಿಎಂಸಿ ಯಾರ್ಡಿಗೂ ದೂರವಿಲ್ಲ. ನಮ್ಮೂರಿಂದ ಆ ಕಡೆ ಮಾಲು ಹೊತ್ತು ಹೋಗುವ ಟೆಂಪೋದಲ್ಲೇ ನನ್ನ ಚೀಲಗಳೂ ಹೋಗುತ್ತವೆ. ಯಾರ್ಡಿನಲ್ಲಿ ರಾಶಿಗೆ ಸುರಿದ ಮೇಲೆ ಅದು ಯಾರ ರಾಗಿ ಅಂತ ಕೇಳುವವರಿಲ್ಲ. ಮತ್ತಿಕೆರೆಯಲ್ಲಿ ಮೊದಲು ಕೇಳುವುದೇ ಅದನ್ನು. ಅಲ್ಲಿ ನಾನು ಧಾನ್ಯದ ಜೊತೆಗೆ ಒಂದಿಷ್ಟು ಸುದ್ದಿಯನ್ನೂ ಒಯ್ಯಬೇಕು.

ಸುದ್ದಿ ಹೇಳುವ ಮೊದಲು ಕೇಳುವವರು ಯಾರು ಅಂತ ತಿಳಿಯಬೇಕು. ಮತ್ತಿಕೆರೆಯಲ್ಲಿ ಸುತ್ತಲಿನ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಹಿರಿಯರಿದ್ದಾರೆ. ಇಬ್ಬರೂ ಕೆಲಸಕ್ಕೆ ಹೋಗುವ ಹೊಸ ಸಂಸಾರಗಳಿವೆ. ರಾಮಯ್ಯ ಕಾಲೇಜಿಗೆ ಬಂದು ಬಾಡಿಗೆ ಕೋಣೆಯಲ್ಲಿರುವ ಹುಡುಗರಿದ್ದಾರೆ. ಬೆಳಿಗ್ಗೆ ಜೆ.ಪಿ. ಪಾರ್ಕಿನಲ್ಲಿ ನಡೆಯಲು ಬರುವವರಂತೂ ಎಲ್ಲಾ ಬಗೆಯವರು.

ಹಿರಿಯರು, "ಹೊಸ ರಾಗಿನೋ, ಹಳೇ ರಾಗಿನೋ?" ಅಂತ ಕೇಳುತ್ತಾರೆ. ಹೊಸ ಸಂಸಾರದವರು, "ನವಣೆ ಎಷ್ಟು ಹೊತ್ತು ನೆನೆಸಬೇಕು?" ಅನ್ನುತ್ತಾರೆ. ಹುಡುಗರಿಗೆ ರಾಗಿ ಬೇಡ, ಹುರಿದ ಕಡಲೇಕಾಯಿ ಇದ್ದರೆ ತಗೋತಾರೆ. ಮೂವರಿಗೂ ಒಂದೇ ಮಾತು ಹೇಳಿದರೆ ಮೂವರೂ ಕೇಳುವುದಿಲ್ಲ. ಯಾರು ಏನು ಕೇಳಿದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಎರಡು ತಿಂಗಳಲ್ಲಿ ಅದೇ ಹತ್ತು ಪ್ರಶ್ನೆ ತಿರುಗಿ ತಿರುಗಿ ಬಂದಿರುತ್ತವೆ. ಆ ಹತ್ತಕ್ಕೆ ಉತ್ತರ ಬರೆದರೆ ಅದೇ ನಿಮ್ಮ ಪ್ರಚಾರ. ಬೇರೆ ಹುಡುಕಬೇಕಿಲ್ಲ.

ಮಿಲ್ಲಿನ ಹಲಗೆ

ನನ್ನ ಮೊದಲ ಜಾಹೀರಾತು ಒಂದು ಕಪ್ಪು ಹಲಗೆ. ಮತ್ತಿಕೆರೆಯಲ್ಲಿ ಈಗಲೂ ರಾಗಿ ಬೀಸಿಸಲು ಫ್ಲೋರ್ ಮಿಲ್ಲಿಗೆ ಬರುವವರಿದ್ದಾರೆ. ರಾಗಿ ತಿನ್ನುವವರೆಲ್ಲಾ ಬಂದು ನಿಲ್ಲುವ ಜಾಗ ಅದೇ. ಮಿಲ್ಲಿನವರು ಒಪ್ಪಿ ಗೋಡೆಗೆ ಒಂದು ಹಲಗೆ ತೂಗುಹಾಕಲು ಬಿಟ್ಟರು. ನನ್ನ ಚೀಲ ಕೊಂಡವರು ಅಲ್ಲೇ ಬೀಸಿಸುತ್ತಾರೆ, ಹಾಗಾಗಿ ಅವರಿಗೂ ಲಾಭವೇ.

ಹಲಗೆಯಲ್ಲಿ ಐದು ಸಂಗತಿ ಮಾತ್ರ: ಏನು ಇದೆ, ಎಷ್ಟು ಇದೆ, ದರ ಎಷ್ಟು, ಯಾವತ್ತು ಎಲ್ಲಿ ಸಿಗುತ್ತದೆ, ಯಾವ ನಂಬರಿಗೆ ಫೋನ್ ಮಾಡಬೇಕು. ಮೇಲ್ಗಡೆ ತಾರೀಖು. "ಅಮೃತಸಮಾನ ರಾಗಿ" ಅಂತ ಬರೆಯುವ ಜಾಗದಲ್ಲಿ "ಕಲ್ಲು, ಹೊಟ್ಟು ತೆಗೆದು ಹಸನು ಮಾಡಿದೆ" ಅಂತ ಬರೆದರೆ ಹೆಂಗಸರು ಒಂದು ಹಿಡಿ ಕೈಗೆ ತಗೊಂಡು ನೋಡುತ್ತಾರೆ.

ಇದು ನಾನು ಕಂಡುಹಿಡಿದ ವಿದ್ಯೆಯೇನೂ ಅಲ್ಲ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್ ಮಳಿಗೆಗಳನ್ನು ನೋಡಿ. ತರಕಾರಿ ಹೆಸರು, ಎದುರಿಗೆ ಕಿಲೋ ದರ ಬರೆದ ಫಲಕ ಇರುತ್ತದೆ. ಗಿರಾಕಿಗೆ ಚೌಕಾಸಿಯ ಚಿಂತೆ ಇಲ್ಲ. ನಂದಿನಿ ಹಾಲಿನ ನೀಲಿ ಪೊಟ್ಟಣ ಕಂಡರೆ ಓದಲು ಬಾರದವರಿಗೂ ಅದು ಯಾವ ಹಾಲು ಅಂತ ಗೊತ್ತು. ಬಣ್ಣ, ಅಳತೆ, ಸಿಗುವ ಹೊತ್ತು ಬದಲಾಗದೆ ಇದ್ದರೆ ಅದೇ ಒಂದು ಮಾತಾಡಿದ ಹಾಗೆ. ಅದಕ್ಕೆ ನನ್ನ ರಾಗಿ ಯಾವಾಗಲೂ 5 ಕಿಲೋ ಬಟ್ಟೆ ಚೀಲದಲ್ಲಿ, ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ 8ರಿಂದ 10.

ದರ ಗೊತ್ತು ಮಾಡುವ ಮೊದಲು ಕೃಷಿ ಮಾರಾಟ ಇಲಾಖೆಯ 'ಕೃಷಿ ಮಾರಾಟ ವಾಹಿನಿ' ಜಾಲತಾಣದಲ್ಲಿ ಬೆಂಗಳೂರು, ತುಮಕೂರು ಮಾರುಕಟ್ಟೆಗಳ ಧಾರಣೆ ನೋಡುತ್ತೇನೆ. ಅದಕ್ಕೆ ಹಸನು ಮಾಡುವ ಕೂಲಿ, ಚೀಲ, ಸಾಗಾಣಿಕೆ ಸೇರಿಸಿ ದರ ಕಟ್ಟುತ್ತೇನೆ. ಒಮ್ಮೆ ಹೇಳಿದ ದರ ಆ ಹಂಗಾಮಿಗೆ ಪೂರಾ ಅದೇ.

ಏನು ಮಾಡಿ ತಿನ್ನಬೇಕು ಅಂತ ಹೇಳಿ

2021ರಲ್ಲಿ ದಕ್ಷಿಣ ಕನ್ನಡ, ಉತ್ತರ ಕನ್ನಡದ ಕಡೆ ಬಾಳೆಗೆ ಬೆಲೆ ಬಿದ್ದಾಗ ಅಲ್ಲಿಯವರು ಬಾಳೆಕಾಯಿ ಒಣಗಿಸಿ ಹುಡಿ ಮಾಡಿದರು. ಬಾಳೆಯ ಬಾ, ಕಾಯಿಯ ಕಾ, ಹುಡಿಯ ಹು ಸೇರಿಸಿ 'ಬಾಕಾಹು' ಅಂತ ಹೆಸರಿಟ್ಟರು. ಅಂಗಡಿಯಿಲ್ಲ, ದೊಡ್ಡ ಕಂಪೆನಿಯಿಲ್ಲ. ಮಾಡುವ ಬಗೆಯನ್ನೂ, ಅದರಿಂದ ಮಾಡಿದ ದೋಸೆ, ಗುಲಾಬ್ ಜಾಮೂನಿನ ಫೋಟೋಗಳನ್ನೂ ವಾಟ್ಸ್ಯಾಪಿನಲ್ಲಿ ಒಬ್ಬರಿಗೊಬ್ಬರು ಕಳಿಸಿದರು. ಅದೇ ವರ್ಷ ಜುಲೈನಲ್ಲಿ ಪ್ರಧಾನಿಯವರ ರೇಡಿಯೋ ಭಾಷಣದಲ್ಲೂ ಆ ಸುದ್ದಿ ಬಂತು.

ನಾವು ಗಮನಿಸಬೇಕಾದ್ದು, ಅವರು "ಹುಡಿ ಕೊಳ್ಳಿ" ಅಂತ ಕೂಗುವ ಮೊದಲು "ಇದರಿಂದ ಹೀಗೆ ದೋಸೆ ಹುಯ್ಯಿರಿ" ಅಂತ ತೋರಿಸಿದ್ದು. ನವಣೆಗೂ ಹಾಗೇ. ಪಟ್ಟಣದ ಅಡಿಗೆಮನೆಗೆ ನವಣೆ ಹೊಸಬ. ಚೀಲಕ್ಕೆ ನಾಲ್ಕು ಸಾಲಿನ ಚೀಟಿ ಕಟ್ಟಿದೆ: "ತೊಳೆದು ಎರಡು ಗಂಟೆ ನೆನೆಸಿ. ಒಂದು ಲೋಟಕ್ಕೆ ಎರಡೂವರೆ ಲೋಟ ನೀರು. ಅನ್ನದ ಹಾಗೇ ಬೇಯಿಸಿ. ಉಪ್ಪಿಟ್ಟಿಗೆ ಹುರಿದುಕೊಂಡರೆ ಉದುರಾಗಿ ಬರುತ್ತದೆ." ನವಣೆ ಒಂದು ಸಲ ತಗೊಂಡವರು ಎರಡನೇ ಸಲ ಕೇಳತೊಡಗಿದ್ದು ಆ ಚೀಟಿ ಕಟ್ಟಿದ ಮೇಲೆ.

ಫೋನಿನಲ್ಲಿ ಮಾಡಬಹುದಾದ್ದು

ನಲವತ್ತು ಮನೆಯ ವ್ಯಾಪಾರಕ್ಕೆ ಒಂದು ಫೋನು ಸಾಕು. ವಾಟ್ಸ್ಯಾಪ್ ಬಿಸಿನೆಸ್ ಅಂತ ಒಂದು ಆ್ಯಪ್ ಇದೆ, ಇಳಿಸಿಕೊಳ್ಳಲು ದುಡ್ಡು ಬೇಡ. ಅದರಲ್ಲಿ ಮಾಲಿನ ಪಟ್ಟಿ, ಫೋಟೋ, ದರ ಹಾಕಿಡಬಹುದು. ನಾವು ಹೊಲದಲ್ಲಿದ್ದಾಗ ಮೆಸೇಜು ಬಂದರೆ "ಸಂಜೆ ಉತ್ತರ ಕೊಡುತ್ತೇನೆ" ಅಂತ ಅದೇ ಹೇಳುವ ಹಾಗೆ ಮಾಡಬಹುದು.

ಎಲ್ಲರನ್ನೂ ಒಂದೇ ಗುಂಪಿಗೆ ಹಾಕಿದರೆ ಶುಭೋದಯದ ಹೂವುಗಳ ನಡುವೆ ನಮ್ಮ ರಾಗಿ ಮುಳುಗಿಹೋಗುತ್ತದೆ. ಒಬ್ಬರ ನಂಬರು ಇನ್ನೊಬ್ಬರಿಗೂ ಕಾಣುತ್ತದೆ. ಅದಕ್ಕಿಂತ ಬ್ರಾಡ್‌ಕಾಸ್ಟ್ ಪಟ್ಟಿ ಒಳ್ಳೇದು, ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಆದರೆ ಗಿರಾಕಿ ತನ್ನ ಫೋನಿನಲ್ಲಿ ನಿಮ್ಮ ನಂಬರನ್ನು ಉಳಿಸಿಕೊಂಡಿದ್ದರೆ ಮಾತ್ರ ಅದು ತಲುಪುತ್ತದೆ. ಚೀಲ ಕೊಡುವಾಗಲೇ, "ಅಮ್ಮಾ, ನನ್ನ ನಂಬರು ಹಾಕ್ಕೊಳ್ಳಿ" ಅಂತ ಹೇಳಿ ಎದುರಿಗೇ ಹಾಕಿಸಿ.

ನಾನು ಕಳಿಸುವ ಮೆಸೇಜಿನ ಮಾದರಿ ಇದು:

"ಜನವರಿ 8. ಹೊಸ ರಾಗಿ ಒಕ್ಕಣೆ ಆಗಿದೆ. ಹಸನು ಮಾಡಿದ್ದು, 5 ಕಿಲೋ ಚೀಲ 300 ರೂ. ಹಳೇ ರಾಗಿ 6 ಚೀಲ ಉಳಿದಿದೆ. ಅವರೆಕಾಯಿ ಈ ಸಲ ಕಡಿಮೆ, ಮೊದಲು ಹೇಳಿದವರಿಗೆ. ಭಾನುವಾರ ಬೆಳಿಗ್ಗೆ 8ರಿಂದ 10 ಮಿಲ್ಲಿನ ಹತ್ತಿರ ಇರುತ್ತೇನೆ. ಶುಕ್ರವಾರ ಸಂಜೆಯೊಳಗೆ ಹೇಳಿ."

ತಿಂಗಳಿಗೆ ಎರಡೇ ಮೆಸೇಜು. ಒಂದು ಮಾಲಿನದ್ದು, ಇನ್ನೊಂದು ಹೊಲದ್ದು. ಬಿತ್ತನೆ, ಕಳೆ, ತೆನೆ, ಕಣ, ಏನಾದರೂ ಒಂದು ಫೋಟೋ. ಬೆಳಗಿನ ಬಿಸಿಲಿನಲ್ಲಿ ತೆಗೆದ ನಮ್ಮ ಹೊಲದ ಫೋಟೋವೇ ಇರಲಿ. ಎಲ್ಲಿಂದಲೋ ತೆಗೆದ ಚಂದದ ಫೋಟೋ ಹಾಕಿದರೆ ಚೀಲ ಬಿಚ್ಚಿದ ದಿನ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. "ಇಪ್ಪತ್ತು ಚೀಲ ಬೇಕು, ಮುಂಗಡ ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅಂತ ಯಾರಾದರೂ ಹೇಳಿದರೆ ಅದು ಮೋಸ. ಯುಪಿಐನಲ್ಲಿ ಹಣ ಪಡೆಯುವವನು ಪಿನ್ ಒತ್ತಬೇಕಿಲ್ಲ. ಪಿನ್ ಒತ್ತಿದರೆ ನಮ್ಮ ಖಾತೆಯಿಂದಲೇ ದುಡ್ಡು ಹೋಗುತ್ತದೆ. ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ ದೂರು ಕೊಡಿ.

ವೆಬ್‌ಸೈಟು ಯಾವಾಗ ಬೇಕು?

ಪರಿಚಯದವರಿಗೆ ಫೋನು ಸಾಕು. ಪರಿಚಯ ಇಲ್ಲದವರು ನಮ್ಮನ್ನು ಹುಡುಕಬೇಕಾದಾಗ, ಅಥವಾ ಐದಾರು ರೈತರು ಸೇರಿ ಮಾರುವಾಗ ವೆಬ್‌ಸೈಟು ಬೇಕಾಗುತ್ತದೆ. ನಾವು ಆರು ಜನ ಸೇರಿ 2022ರಲ್ಲಿ ಒಂದು ಮಾಡಿಕೊಂಡೆವು. ನೋಡಿಕೊಳ್ಳುವುದು ನನ್ನ ಮಗಳು. ನಾನು ಹೇಳುತ್ತೇನೆ, ಅವಳು ಟೈಪು ಮಾಡುತ್ತಾಳೆ.

ಮೊದಲನೇ ಕೆಲಸ, ಹೆಸರು ಕೊಳ್ಳುವುದು. ಇದಕ್ಕೆ ಡೊಮೇನ್ ಅನ್ನುತ್ತಾರೆ. ಕೊನೆಗೆ 'ಡಾಟ್ ಇನ್' ಇರುವ ಹೆಸರಿಗೆ ವರ್ಷಕ್ಕೆ ಸುಮಾರು ಸಾವಿರ ರೂಪಾಯಿ. ಇದು ಗುತ್ತಿಗೆ ಜಮೀನಿದ್ದ ಹಾಗೆ, ವರ್ಷ ವರ್ಷ ಕಟ್ಟದಿದ್ದರೆ ಬೇರೆಯವರು ಕೊಂಡುಕೊಳ್ಳಬಹುದು. ನಮ್ಮ ಪಕ್ಕದ ಒಂದು ರೈತರ ಗುಂಪಿಗೆ ವೆಬ್‌ಸೈಟು ಮಾಡಿಕೊಟ್ಟವನು ಹೆಸರನ್ನು ತನ್ನ ಹೆಸರಿನಲ್ಲೇ ನೋಂದಾಯಿಸಿಕೊಂಡ. ಎರಡನೇ ವರ್ಷ ಮೂರು ಪಟ್ಟು ದುಡ್ಡು ಕೇಳಿದ. ಕೊಡಲ್ಲ ಅಂದದ್ದಕ್ಕೆ ಪುಟ ಮುಚ್ಚಿಹೋಯಿತು. ಚೀಲದ ಮೇಲೆಲ್ಲಾ ಅದೇ ಹೆಸರು ಅಚ್ಚಾಗಿತ್ತು, ಆ ಚೀಲಗಳೂ ಹಾಳು. ಆದ್ದರಿಂದ ಹೆಸರು ನಿಮ್ಮ ಇಮೇಲು, ನಿಮ್ಮ ಫೋನ್ ನಂಬರಿನಲ್ಲೇ ನೋಂದಣಿ ಆಗಲಿ. ಪಾಸ್‌ವರ್ಡನ್ನು ಪುಸ್ತಕದಲ್ಲಿ ಬರೆದು ಪಹಣಿ, ಪಾಸ್‌ಬುಕ್ಕಿನ ಜೊತೆ ಇಡಿ. ಹಣ ಕಟ್ಟುವ ತಾರೀಖನ್ನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಎರಡನೇದು, ಪುಟದಲ್ಲಿ ಏನಿರಬೇಕು. ಮಿಲ್ಲಿನ ಹಲಗೆಯ ಐದು ಸಂಗತಿ ಇಲ್ಲೂ ಅವೇ. ಮೇಲುಗಡೆ "ಈ ಪುಟ ತಿದ್ದಿದ್ದು" ಅಂತ ತಾರೀಖು. ಅದರ ಕೆಳಗೆ ತಿಂಗಳ ಪಟ್ಟಿ: ಡಿಸೆಂಬರ್-ಜನವರಿ ಅವರೆಕಾಯಿ, ಜನವರಿಯಿಂದ ರಾಗಿ, ಹುರುಳಿ, ಫೆಬ್ರವರಿ-ಮಾರ್ಚ್ ಹುಣಸೆ. ಒಣಭೂಮಿಯಲ್ಲಿ ಎಲ್ಲಾ ಕಾಲಕ್ಕೂ ಎಲ್ಲವೂ ಸಿಗುವುದಿಲ್ಲ ಅಂತ ಪಟ್ಟಣದವರಿಗೆ ಗೊತ್ತಾಗುವುದು ಈ ಪಟ್ಟಿಯಿಂದ. ಹಣ್ಣು ಬಿಟ್ಟಾಗ ಕೊಂಡು ವರ್ಷಕ್ಕೆ ಇಟ್ಟುಕೊಳ್ಳಲು ಅವರೂ ಕಲಿಯುತ್ತಾರೆ.

ಕನ್ನಡದಲ್ಲೇ ಬರೆಯಿರಿ. ಯುನಿಕೋಡ್ ಅಕ್ಷರದಲ್ಲಿ ಟೈಪು ಮಾಡಿಸಿ. ಹಳೇ ಅಕ್ಷರ ವಿನ್ಯಾಸದಲ್ಲಿ ಮಾಡಿದರೆ ಬೇರೆಯವರ ಫೋನಿನಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತದೆ. ಬರಹವನ್ನು ಚಿತ್ರವಾಗಿ ಹಾಕಿದರೆ ಹುಡುಕುವವರಿಗೆ ಸಿಗುವುದು ಕಷ್ಟ. ಫೋಟೋ ಎರಡೋ ಮೂರೋ ಸಾಕು, ಭಾರವಾದ ಫೋಟೋ ಇದ್ದರೆ ಪುಟ ತೆರೆಯುವ ಹೊತ್ತಿಗೆ ಗಿರಾಕಿ ಎದ್ದುಹೋಗುತ್ತಾನೆ. ಫೋನ್ ನಂಬರು ಒತ್ತಿದರೆ ನೇರ ಕರೆ ಹೋಗುವಂತಿರಲಿ.

ಮೂರನೇದು, ಮುಖ್ಯವಾದ್ದು, ನೋಡಿಕೊಳ್ಳುವುದು. ವೆಬ್‌ಸೈಟು ಮಾಡುವುದು ಬಿತ್ತನೆ ಇದ್ದ ಹಾಗೆ. ಒಂದು ದಿನದ ಕೆಲಸ. ಆಮೇಲೆ ಕಳೆ ತೆಗೆಯುವವರು ಬೇಕು. ನಮ್ಮಲ್ಲಿ ತಿಂಗಳ ಒಂದನೇ ತಾರೀಖು ಅರ್ಧ ಗಂಟೆ ಅದಕ್ಕೇ ಮೀಸಲು. ಮುಗಿದ ಮಾಲನ್ನು ತೆಗೆಯುವುದು, ದರ ನೋಡುವುದು, ನಂಬರು ಸರಿಯಿದೆಯಾ ಅಂತ ಬೇರೆ ಫೋನಿನಿಂದ ಒತ್ತಿ ನೋಡುವುದು, ಬಂದ ಪ್ರಶ್ನೆಗೆ ಉತ್ತರ. ಯಾರಾದರೂ "ಹುಳ ಬಿದ್ದಿದೆ" ಅಂತ ಬರೆದರೆ ಅಳಿಸಬೇಡಿ. "ಚೀಲ ವಾಪಸು ಕೊಡಿ, ಬೇರೆ ಕೊಡುತ್ತೇನೆ" ಅಂತ ಅದರ ಕೆಳಗೇ ಬರೆಯಿರಿ. ದೂರು ಓದುವವರು ಉತ್ತರವನ್ನೂ ಓದುತ್ತಾರೆ.

ಈ ಅರ್ಧ ಗಂಟೆ ಕೊಡಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ ವೆಬ್‌ಸೈಟು ಬೇಡ. ಹಲಗೆ, ಫೋನಿನಲ್ಲೇ ಇರಿ.

ಬರೆಯಬಾರದ್ದು

ರಾಗಿಯಲ್ಲಿ ಸುಣ್ಣದ ಅಂಶ ಜಾಸ್ತಿ, ನೂರು ಗ್ರಾಮಿಗೆ ಸುಮಾರು 340ರಿಂದ 360 ಮಿಲಿಗ್ರಾಂ. ಇದನ್ನು ಬರೆಯಬಹುದು, ನಿಜ. "ಸಕ್ಕರೆ ಕಾಯಿಲೆ ವಾಸಿಯಾಗುತ್ತೆ" ಅಂತ ಬರೆಯಬಾರದು. ಅದನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಗತಿಯೇನು? ಕಾನೂನೂ ಒಪ್ಪುವುದಿಲ್ಲ.

'ಸಾವಯವ' ಅನ್ನುವ ಮಾತಿಗೂ 2017ರಿಂದ ಆಹಾರ ಸುರಕ್ಷತೆಯ ನಿಯಮ ಇದೆ. ಪ್ರಮಾಣಪತ್ರ ಇಲ್ಲದೆ 'ಜೈವಿಕ್ ಭಾರತ್' ಗುರುತು ಹಾಕುವಂತಿಲ್ಲ. ನಾನು "ಕೊಟ್ಟಿಗೆ ಗೊಬ್ಬರ ಹಾಕಿದ್ದು, ಔಷಧಿ ಹೊಡೆದಿಲ್ಲ, ಬಂದು ನೋಡಬಹುದು" ಅಂತಷ್ಟೇ ಬರೆಯುತ್ತೇನೆ. ಹೊಲದಲ್ಲಿ ಬೆಳೆದದ್ದನ್ನು ಹಾಗೇ ಕೊಡುವ ರೈತನಿಗೆ ಆಹಾರ ಕಾಯಿದೆಯಲ್ಲಿ ವಿನಾಯಿತಿ ಇದೆ. ಹಿಟ್ಟು, ಹುರಿಹಿಟ್ಟು, ಚಟ್ನಿಪುಡಿ ಮಾಡಿ ಪೊಟ್ಟಣ ಕಟ್ಟಿದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಆ 14 ಅಂಕಿಯ ಸಂಖ್ಯೆ, ತೂಕ, ತಯಾರಿಸಿದ ದಿನ, ದರ, ವಿಳಾಸ ಪೊಟ್ಟಣದ ಮೇಲೆ ಹಾಕಬೇಕು.

ಲೆಕ್ಕ

2024-25ರ ಹಂಗಾಮಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂ. ಇತ್ತು, 2025-26ಕ್ಕೆ 4,886 ಆಯಿತು. 2024-25ರ ನನ್ನ ಬೆಳೆಯ ಲೆಕ್ಕ ಹೀಗಿತ್ತು. ಒಂದು ಕ್ವಿಂಟಾಲ್ ಹಸನು ಮಾಡಿದರೆ 95 ಕಿಲೋ, ಅಂದರೆ 19 ಚೀಲ. ಕಿಲೋಗೆ 60ರಂತೆ 5,700 ರೂ. ಹಸನು ಮಾಡುವ ಕೂಲಿ 150, ಚೀಲ ಮತ್ತು ಚೀಟಿ 190, ಟೆಂಪೋ ಮತ್ತು ಹಮಾಲಿ 260, ಒಟ್ಟು 600. ಉಳಿದದ್ದು 5,100. ಬೆಂಬಲ ಬೆಲೆಗಿಂತ 810 ರೂ. ಹೆಚ್ಚು. ಹತ್ತು ಕ್ವಿಂಟಾಲಿಗೆ 8,100. ವೆಬ್‌ಸೈಟಿನ ಖರ್ಚಿನ ಆರನೇ ಒಂದು ಪಾಲು, ಫೋನ್ ಕರೆನ್ಸಿ ಇದರಲ್ಲೇ ಹೋಗಬೇಕು. ನನ್ನ ಭಾನುವಾರಗಳಿಗೆ ಕೂಲಿ ಹಿಡಿದಿಲ್ಲ.

ರಾಗಿ ಒಂದನ್ನೇ ನೋಡಿದರೆ ದೊಡ್ಡ ಲಾಭವೇನೂ ಇಲ್ಲ. ಆದರೆ ರಾಗಿಗೆ ಅಂತ ಬಂದವರು ಹುರುಳಿ, ತೊಗರಿ, ಹುಣಸೆಯನ್ನೂ ಕೇಳುತ್ತಾರೆ. ಅಕ್ಕಡಿಯ ಎರಡು ಮೂರು ಸೇರು ಸಾಸಿವೆಯನ್ನು ಮಂಡಿಗೆ ಒಯ್ಯಲು ಆಗುವುದಿಲ್ಲ, ಇಲ್ಲಿ ಅದಕ್ಕೂ ಬೆಲೆ ಸಿಗುತ್ತದೆ. ಸಣ್ಣ ಹಿಡುವಳಿಗೆ ನೇರ ಮಾರಾಟ ಒಗ್ಗುವುದು ಇದರಿಂದಲೇ.

ಬೆಳೆ ಇಲ್ಲದ ವರ್ಷ ಏನು ಹೇಳುವುದು?

ಮಾಲು ಇದ್ದಾಗ ಮಾತಾಡುವುದು ಸುಲಭ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಸಾರಿತು. ನನ್ನ ಹೊಲದಲ್ಲಿ ರಾಗಿ ಮೊಣಕಾಲುದ್ದಕ್ಕೆ ನಿಂತು ಒಣಗಿತು. ದನಕ್ಕೆ ಹುಲ್ಲಾಯಿತು, ಮನೆಗೆ ಒಂದೂವರೆ ಚೀಲ ಕಾಳು ಬಂತು. ನಲವತ್ತು ಮನೆಯವರು ಕೇಳುತ್ತಿದ್ದರು.

ಊರಿನಲ್ಲಿ ಕೆಲವರು, "ಮಂಡೀಲಿ ತಗೊಂಡು ನಿನ್ನ ಚೀಲಕ್ಕೆ ತುಂಬು, ಯಾರಿಗೆ ಗೊತ್ತಾಗುತ್ತೆ?" ಅಂದರು. ಗೊತ್ತಾಗುವುದಿಲ್ಲ, ಅದು ಸರಿ. ಆದರೆ ಚೀಲದ ಮೇಲೆ "ನಮ್ಮ ಹೊಲದ ರಾಗಿ" ಅಂತ ಬರೆದಿದೆ. ಆ ಮೂರು ಪದ ಸುಳ್ಳಾದರೆ ನನ್ನ ರಾಗಿಗೂ ಅಂಗಡಿ ರಾಗಿಗೂ ವ್ಯತ್ಯಾಸ ಏನು ಉಳಿಯಿತು?

ಒಣಗಿದ ಹೊಲದ ಫೋಟೋ ತೆಗೆದು ಕಳಿಸಿದೆವು. ವೆಬ್‌ಸೈಟಿನಲ್ಲೂ ಅದೇ ಹಾಕಿದೆವು: "ಈ ವರ್ಷ ರಾಗಿ ಇಲ್ಲ. ಮಳೆ ಬಂದಿಲ್ಲ. ಹುಣಸೆ ಇದೆ, ಸ್ವಲ್ಪ ಹುರುಳಿ ಇದೆ. ಮುಂದಿನ ಬಿತ್ತನೆಗೆ ತಿಳಿಸುತ್ತೇವೆ." ಹಲಗೆಯಲ್ಲೂ ಅದನ್ನೇ ಬರೆದೆ. ಬೋರ್‌ವೆಲ್ ಇರುವ ಒಬ್ಬ ನೆರೆಯವರ ಹತ್ತಿರ ಒಂದಿಷ್ಟು ರಾಗಿ ಇತ್ತು. ಅವರ ಒಪ್ಪಿಗೆ ಪಡೆದು, ಇದು ನನ್ನದಲ್ಲ, ಇಂಥವರ ಹೊಲದ್ದು ಅಂತ ಬರೆದು ಬೇರೆ ಚೀಟಿ ಕಟ್ಟಿ ಹನ್ನೆರಡು ಮನೆಗೆ ಕೊಟ್ಟೆವು. ಮಿಕ್ಕವರು ಅಂಗಡಿಯಲ್ಲಿ ಕೊಂಡರು.

2024ರ ಮುಂಗಾರಿನಲ್ಲಿ ಬಿತ್ತನೆ ಫೋಟೋ ಕಳಿಸಿದಾಗ ಮೂವತ್ತಾರು ಮನೆಯವರು "ನಮಗಿರಲಿ" ಅಂತ ಉತ್ತರ ಕೊಟ್ಟರು. ಒಬ್ಬರು ಅಜ್ಜಿ ಮಿಲ್ಲಿನ ಹತ್ತಿರ, "ಇಲ್ಲ ಅಂದ್ಯಲ್ಲಪ್ಪಾ, ಅದಕ್ಕೇ ಮತ್ತೆ ಬಂದೆ" ಅಂದರು. ಮಳೆ ನಂಬಿದ ನಮ್ಮಂಥವರಿಗೆ ನಾಲ್ಕೈದು ವರ್ಷಕ್ಕೊಮ್ಮೆ ಇಂಥಾ ಬರಹ ಬರೆಯಲೇಬೇಕಾಗುತ್ತದೆ. ಉಳಿದ ವರ್ಷಗಳ ವ್ಯಾಪಾರ ನಿಲ್ಲುವುದು ಅದರ ಮೇಲೆ.

ನೆನಪಿನಲ್ಲಿಡಿ

* ಗಿರಾಕಿ ಕೇಳಿದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ, ಅದಕ್ಕೇ ಉತ್ತರ ಕೊಡಿ.
* ಏನು, ಎಷ್ಟು, ದರ, ಯಾವತ್ತು ಎಲ್ಲಿ, ನಂಬರು. ಜೊತೆಗೆ ತಾರೀಖು.
* ಹೊಸ ಧಾನ್ಯಕ್ಕೆ ಅಡಿಗೆಯ ಚೀಟಿ ಕಟ್ಟಿ.
* ಹಣ ಪಡೆಯಲು ಪಿನ್ ಒತ್ತಬೇಡಿ.
* ವೆಬ್‌ಸೈಟಿನ ಹೆಸರು, ಪಾಸ್‌ವರ್ಡು ನಿಮ್ಮ ಕೈಯಲ್ಲಿರಲಿ.
* ತಿಂಗಳಿಗೆ ಅರ್ಧ ಗಂಟೆ ಕೊಡಲು ಆಗದಿದ್ದರೆ ವೆಬ್‌ಸೈಟು ಮಾಡಿಸಬೇಡಿ.
* ಮಾಲು ಮುಗಿದ ದಿನವೇ "ಇಲ್ಲ" ಅಂತ ಬರೆಯಿರಿ.

ಬೇರೆ ಊರುಗಳಲ್ಲಿ ಹೀಗೆ ನೇರ ಮಾರುತ್ತಿರುವ ಕೃಷಿಕರು ಬೆಳೆ ಕೈಕೊಟ್ಟ ವರ್ಷ ಗಿರಾಕಿಗಳನ್ನು ಹೇಗೆ ಉಳಿಸಿಕೊಂಡರು ಅಂತ ಬರೆದರೆ ನಮಗೆಲ್ಲಾ ಉಪಕಾರ.